ಹಸಿರು ನೀರು, ಕಪ್ಪು ಗೋಡು: ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕೆರೆಯ ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕೆರೆಯಲ್ಲಿ ನಡೆದದ್ದು. ಕೆರೆಯ ಹೆಸರು, ಊರಿನ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಇದರಲ್ಲಿ ತಪ್ಪು ಮಾಡಿದವರೆಲ್ಲ ಕೆರೆ ಉಳಿಯಲಿ ಅಂತಲೇ ಮಾಡಿದವರು. ಆ ತಪ್ಪುಗಳಲ್ಲಿ ಒಂದು ನನ್ನದು. ನಾನು ಪಕ್ಕದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2018ರಿಂದ ಈ ಕೆರೆಯ ಸಮಿತಿಯವರ ಜೊತೆ ಓಡಾಡಿದ್ದೇನೆ. ನಮ್ಮ ಹಾಗೆಯೇ ಹಸಿರು ನೀರು ನೋಡಿಕೊಂಡು, ಏನು ಮಾಡಬೇಕು ಅಂತ ಗೊತ್ತಾಗದೆ ಕೂತಿರುವ ಊರುಗಳು ಸುತ್ತಮುತ್ತ ಬೇಕಾದಷ್ಟಿವೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕೆರೆ ಮತ್ತು ಊರು

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ, ಆದರೆ ಹುಟ್ಟಿದ ಕಡೆ ನೀರು ನಿಲ್ಲುವುದಿಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ನಾನು ಹೇಳುತ್ತಿರುವುದು ಇಂಥ ಒಂದು ಸಾಲಿನಲ್ಲಿ ಮೂರನೆಯ ಕೆರೆ. ತುಂಬಿದರೆ ಸುಮಾರು 60 ಎಕರೆ. ತೂಬಿನ ಹತ್ತಿರ ಎರಡಾಳು ನೀರು, ಉಳಿದ ಕಡೆ ಎದೆಮಟ್ಟ. ಆಳ ಕಡಿಮೆ ಅನ್ನುವುದು ಮುಂದೆ ಮುಖ್ಯವಾಗುತ್ತದೆ.

ಊರಿನ ಹಳೆಯ ನೀರಗಂಟಿ ಈಗಲೂ ಇದ್ದಾರೆ. ಎಲ್ಲರೂ ಅವರನ್ನು ತಾತ ಅಂತಲೇ ಕರೆಯುತ್ತಾರೆ. "ತೂಬಿನ ಕಲ್ಲಿನ ಮೇಲೆ ಕೂತು ಕಾಸು ಬಿಟ್ರೆ ಅದು ತಳಕ್ಕೆ ಹೋಗಿ ಮಲಗೋದು ಕಾಣ್ತಿತ್ತು ಮೇಷ್ಟ್ರೇ" ಅಂತ ಅವರು ಒಮ್ಮೆ ಹೇಳಿದರು. ಆಗ ನೀರಿನೊಳಗೆ ದಾರದ ಹಾಗೆ ಬೆಳೆಯುವ ಗಿಡ ಇತ್ತಂತೆ, ಅಂಚಿನಲ್ಲಿ ಜೊಂಡು, ಒಂದು ಮೂಲೆಯಲ್ಲಿ ತಾವರೆ. ಗುಳುಮುಳುಕ, ನಾಮದ ಕೋಳಿ, ಮಿಂಚುಳ್ಳಿ. ಬಲೆಗೆ ಕೊರಮೀನು ಸಿಗುತ್ತಿತ್ತು.

ತಾತ ಹೇಳಿದ ಇನ್ನೊಂದು ಮಾತನ್ನು ನಾನು ಆಗ ಅಷ್ಟು ಗಮನಿಸಲಿಲ್ಲ. ಪ್ರತಿ ಬೇಸಿಗೆ ನೀರು ತಳ ಕಂಡ ಮೇಲೆ ಊರಿನ ಎತ್ತಿನಗಾಡಿಗಳೆಲ್ಲ ಕೆರೆ ಅಂಗಳಕ್ಕೆ ಇಳಿಯುತ್ತಿದ್ದವು. ಗೋಡು, ಅಂದರೆ ಕೆರೆ ತಳದಲ್ಲಿ ಕೂತ ಮೆಕ್ಕಲು ಮಣ್ಣು, ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಗೋಡು ಹೊಡೆದ ಹೊಲದಲ್ಲಿ ರಾಗಿ ಎರಡು ವರ್ಷ ಚೆನ್ನಾಗಿ ಬರುತ್ತಿತ್ತು. ಹೊಲ ಚೆನ್ನಾಗಿರಲಿ ಅಂತ ಮಾಡುತ್ತಿದ್ದ ಕೆಲಸ ಅದು. ಆದರೆ ಅದರಿಂದ ಮಳೆ ನೀರಿನ ಜೊತೆ ಕೆರೆಗೆ ಇಳಿದ ಸಾರವೆಲ್ಲ ಪ್ರತಿ ವರ್ಷ ವಾಪಸ್ ಹೊಲಕ್ಕೇ ಹೋಗುತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ಅಚ್ಚುಕಟ್ಟಿನವರಿಗೆ ತೂಬಿನ ಅಗತ್ಯ ಕಡಿಮೆಯಾಯಿತು. ಗೋಡಿನ ಜಾಗಕ್ಕೆ ಡಿಎಪಿ ಮೂಟೆ ಬಂತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಗೋಡು ಎತ್ತಲಿಲ್ಲ. ಅದೇ ಕಾಲದಲ್ಲಿ ಮೇಲ್ಗಡೆಯ ಪೇಟೆ ಬೆಳೆಯಿತು. ಎರಡು ಬಡಾವಣೆಗಳ ಚರಂಡಿ ರಾಜಕಾಲುವೆಗೆ ಸೇರಿತು. ಕಾಲುವೆ ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚುವ ಮೂರು ಘಟಕಗಳು ಬಂದವು. ಊರಿನಲ್ಲಿ ಹಾಲಿನ ಹಸುಗಳು ಜಾಸ್ತಿಯಾದವು, ಕೊಟ್ಟಿಗೆ ತೊಳೆದ ನೀರೂ ಇಳಿಜಾರು ಹಿಡಿದು ಕೆರೆಗೇ ಬಂತು. ದ್ರಾಕ್ಷಿ, ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೆ ಹಾಕಿದ ಗೊಬ್ಬರ ಮಳೆಗೆ ತೊಳೆದುಕೊಂಡು ಬರುವುದು ಬೇರೆ.

ಹಸಿರು ಒಂದೇ ದಿನಕ್ಕೆ ಬರಲಿಲ್ಲ

"ನಮ್ಮ ಕೆರೆ ಇದ್ದಕ್ಕಿದ್ದ ಹಾಗೆ ಕೆಟ್ಟುಹೋಯಿತು" ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಹತ್ತಾರು ಜನರನ್ನು ಕೂರಿಸಿ ಕೇಳಿದ ಮೇಲೆ ಬೇರೆಯೇ ಚಿತ್ರ ಸಿಕ್ಕಿತು.

ಮೊದಲು ಕೆರೆ ಕೆಟ್ಟಂತೆ ಕಾಣಲೇ ಇಲ್ಲ. ಮೀನು ದಪ್ಪ ಬಂತು, ಗುತ್ತಿಗೆ ಹಣ ಏರಿತು. ನೀರಿನೊಳಗಿನ ಗಿಡ ಹುಲುಸಾಗಿ ಬೆಳೆಯಿತು. ನೀರಿಗೆ ಬಂದ ಸಾರಜನಕ, ರಂಜಕವನ್ನೆಲ್ಲ ಆ ಗಿಡಗಳೇ ಹೀರಿಕೊಳ್ಳುತ್ತಿದ್ದವು. ಹಲವು ವರ್ಷ ಹೀಗೇ ನಡೆದಿದೆ. ಆಮೇಲೆ ಗಿಡದ ಎಲೆಗಳ ಮೇಲೆ ಜಾರುವ ಪಾಚಿ ಕಟ್ಟಿಕೊಂಡಿತು. ನೀರು ಸ್ವಲ್ಪ ಮಂಕಾಯಿತು. ತಳಕ್ಕೆ ಬೆಳಕು ಸಾಲದೆ ಗಿಡಗಳು ಸತ್ತವು. ಗಿಡ ಸತ್ತ ಮೇಲೆ ತಳದ ಕೆಸರನ್ನು ಹಿಡಿದಿಡುವ ಬೇರು ಉಳಿಯಲಿಲ್ಲ. ಆಳ ಕಡಿಮೆ ಇರುವ ಕೆರೆಯಲ್ಲವೇ? ಸ್ವಲ್ಪ ಗಾಳಿ ಬೀಸಿದರೂ ಕೆಸರು ಮೇಲೇಳತೊಡಗಿತು. ನೀರು ಇನ್ನಷ್ಟು ಕದಡಿತು. ಅಲ್ಲಿಂದಾಚೆಗೆ ಎಲ್ಲ ಬೇಗ ಬೇಗ ಆಯಿತು. ಒಂದೆರಡು ವರ್ಷದಲ್ಲಿ ನೀರು ಬಟಾಣಿ ಸಾರಿನ ಹಾಗೆ ಹಸಿರಾಯಿತು. ಜನ ನೋಡಿದ್ದು ಈ ಕೊನೆಯ ಎರಡು ವರ್ಷ ಮಾತ್ರ. ಅದಕ್ಕೇ ಅವರಿಗೆ ಇದ್ದಕ್ಕಿದ್ದ ಹಾಗೆ ಅನ್ನಿಸಿದ್ದು.

ಆಳ ಕಡಿಮೆ ಇರುವ ಕೆರೆಗಳ ಸ್ವಭಾವವೇ ಹಾಗೆ. ಒಂದೋ ತಿಳಿ ನೀರಾಗಿ ಗಿಡ ತುಂಬಿಕೊಂಡು ಇರುತ್ತವೆ, ಇಲ್ಲವೇ ಹಸಿರಾಗಿ ಕದಡಿಕೊಂಡು ಇರುತ್ತವೆ. ಎರಡು ಸ್ಥಿತಿಯೂ ತಮ್ಮನ್ನು ತಾವೇ ಉಳಿಸಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಬಿದ್ದ ಮೇಲೆ ಬಂದ ದಾರಿಯಲ್ಲೇ ವಾಪಸ್ ಹೋಗಲು ಆಗುವುದಿಲ್ಲ. ಇದು ನಮಗೆ ಮೊದಲೇ ಗೊತ್ತಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ಹಕ್ಕಿಗಳ ವಿಷಯದಲ್ಲಿ ನಾವು ಮೋಸ ಹೋದದ್ದನ್ನೂ ಹೇಳಬೇಕು. 2018ರಲ್ಲಿ ಕೆರೆ ತುಂಬ ಹಕ್ಕಿ. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಗುಂಪು ಗುಂಪಾಗಿ ಬರುತ್ತಿದ್ದವು. "ಹಕ್ಕಿ ಬರ್ತಿವೆ ಅಂದ್ರೆ ಕೆರೆ ಚೆನ್ನಾಗಿದೆ ಅಂತ ತಾನೇ?" ಅಂದರು ಸಮಿತಿಯವರು. ಆದರೆ ಆ ಹಕ್ಕಿ ಕೊಳಚೆ ಸೇರಿದ ಕೆಸರಿನಲ್ಲಿ ಹುಳ ಹೆಕ್ಕಿ ಚೆನ್ನಾಗಿಯೇ ಬದುಕುತ್ತದೆ. ನೀರಿನೊಳಗೆ ಕಣ್ಣು ಬಿಟ್ಟು ಮೀನು ಹಿಡಿಯುವ ಗುಳುಮುಳುಕ, ಮೇಲಿಂದ ಗುರಿ ಇಟ್ಟು ಬೀಳುವ ಮಿಂಚುಳ್ಳಿ ಹೋಗಿ ಎಷ್ಟೋ ಕಾಲವಾಗಿತ್ತು. ಎಷ್ಟು ಹಕ್ಕಿ ಅನ್ನುವುದನ್ನು ಎಣಿಸಿದೆವು, ಯಾವ ಹಕ್ಕಿ ಅನ್ನುವುದನ್ನು ಬಿಟ್ಟೆವು.

ಜೆಸಿಬಿ, ಆಮೇಲೆ ಮೈಲುತುತ್ತ

2018ರ ಬೇಸಿಗೆಯಲ್ಲಿ ಕೆರೆಯ ಅರ್ಧ ಭಾಗ ನೇರಳೆ ಹೂವಿನ ಕಳೆಯಿಂದ ಮುಚ್ಚಿತ್ತು. ನಮ್ಮ ಕಡೆ ಇದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ಊರಲ್ಲಿ ಚಂದಾ ಎತ್ತಿ ಜೆಸಿಬಿ ತರಿಸಿದೆವು. ಹತ್ತು ದಿನದಲ್ಲಿ ಕೆರೆ ಕನ್ನಡಿಯ ಹಾಗಾಯಿತು. ಊರಿನವರು ಏರಿ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಎತ್ತಿದ ಕಳೆಯನ್ನು ಏರಿಯ ಒಳಮೈಯಲ್ಲೇ ರಾಶಿ ಹಾಕಿದ್ದೆವು. ಒಣಗಿದ ಮೇಲೆ ಸಾಗಿಸೋಣ ಅಂತ. ಈ ಕಳೆಯಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಜಾಸ್ತಿ ನೀರೇ. ಒಣಗುವ ಮೊದಲೇ ಕೊಳೆಯಿತು. ಜೂನ್ ಮಳೆಗೆ ಆ ಕಪ್ಪು ರಸವೆಲ್ಲ ಕೆರೆಗೇ ಇಳಿಯಿತು. ಆ ಕಳೆ ತಿಂಗಳುಗಟ್ಟಲೆ ನೀರಿನಿಂದ ಹೀರಿಟ್ಟುಕೊಂಡಿದ್ದ ಸಾರವನ್ನು ನಾವೇ ಎತ್ತಿ, ನಾವೇ ವಾಪಸ್ ಹಾಕಿದ ಹಾಗಾಯಿತು. ಮಳೆಗಾಲ ಮುಗಿಯುವುದರೊಳಗೆ ಕಳೆ ಮತ್ತೆ ಬಂತು, ಕಳೆ ಇಲ್ಲದ ಕಡೆ ಪಾಚಿ ಬಂತು.

ಮುಂದಿನದು ನನ್ನ ತಪ್ಪು. 2019ರ ಏಪ್ರಿಲ್‌ನಲ್ಲಿ ಪಾಚಿ ದಪ್ಪ ಕೆನೆಯಾಗಿ ದಡಕ್ಕೆ ಬಂದು ನಿಲ್ಲುತ್ತಿತ್ತು. ವಾಸನೆ ಊರೊಳಗೆ ಬರುತ್ತಿತ್ತು. ಹಸುಗಳು ನೀರಿನ ಹತ್ತಿರ ಹೋಗಿ ಮೂಸಿ ತಿರುಗಿಕೊಂಡು ಬರುತ್ತಿದ್ದವು. ಈ ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ವಿಷ ಬಿಡುತ್ತವೆ, ಹಸುಗಳು ಹಿಂದೆ ಸರಿದದ್ದೇ ಒಳ್ಳೆಯದಾಯಿತು. ದ್ರಾಕ್ಷಿ ತೋಟದ ಒಬ್ಬರು, "ಬಳ್ಳಿಗೆ ಬೂಷ್ಟು ಬಂದ್ರೆ ಮೈಲುತುತ್ತ ಹೊಡೀತೀವಿ, ಕೆರೆಗೂ ಹಾಕಿದ್ರೆ ಪಾಚಿ ಸಾಯಲ್ವಾ ಸಾರ್?" ಅಂದರು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದು ಪಾಚಿಯನ್ನು ಕೊಲ್ಲುತ್ತದೆ ಅಂತ ನನಗೂ ಗೊತ್ತಿತ್ತು. ಎಷ್ಟು ಹಾಕಬೇಕು ಅಂತ ಲೆಕ್ಕ ಹಾಕಿಕೊಟ್ಟವನು ನಾನೇ. ಗೋಣಿಚೀಲದಲ್ಲಿ ಕಟ್ಟಿ, ತೆಪ್ಪದ ಹಿಂದೆ ಎಳೆದುಕೊಂಡು ಕೆರೆ ಸುತ್ತಿದರು.

ಪಾಚಿ ಸತ್ತಿತು. ಎರಡನೆಯ ದಿನ ನೀರು ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿತು. ಮೂರನೆಯ ದಿನ ಬೆಳಗಿನ ಜಾವ ಐದೂವರೆಗೆ ಮೀನಿನ ಗುತ್ತಿಗೆದಾರರ ಫೋನ್ ಬಂತು. ನಾನು ಹೋಗುವಾಗ ಇನ್ನೂ ಮಬ್ಬುಗತ್ತಲು. ಕಾಟ್ಲಾ, ರೋಹು ಎಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಇಡೀ ಕೆರೆಯಿಂದ ಒಂದು ಸಣ್ಣ ಚಪ್ಪರಿಸುವ ಸದ್ದು ಬರುತ್ತಿತ್ತು. ಆ ಸದ್ದನ್ನು ನಾನು ಮರೆತಿಲ್ಲ. ಸೂರ್ಯ ಬರುವುದರೊಳಗೆ ದಡದ ತುಂಬ ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು.

ಯಾಕೆ ಹೀಗಾಯಿತು ಅಂದರೆ, ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಅದಕ್ಕೇ ಇಂಥ ಕೆರೆಯಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ನಾವು ಪಾಚಿಯನ್ನೆಲ್ಲ ಒಟ್ಟಿಗೆ ಕೊಂದೆವು. ಕೊಡುವವರು ಇಲ್ಲವಾದರು. ಕೊಳೆಸುವ ಸೂಕ್ಷ್ಮಜೀವಿಗಳು ಉಳಿದದ್ದನ್ನೂ ಎಳೆದುಕೊಂಡವು. ಮಾಡಿದ ಕೆಲಸ ಎರಡು ರೀತಿಯಲ್ಲಿ ಕೆಟ್ಟದ್ದು: ತಾಮ್ರ ತಳದಲ್ಲೇ ಉಳಿಯಿತು, ಸತ್ತ ಪಾಚಿಯ ಸಾರವೂ ತಳಕ್ಕೇ ಸೇರಿತು. ಗುತ್ತಿಗೆದಾರರಿಗೆ ಸಮಿತಿಯ ಹಣದಿಂದ ಪರಿಹಾರ ಕೊಟ್ಟೆವು. ಸಮಿತಿ ಬಹುತೇಕ ಒಡೆದುಹೋಯಿತು. ಅದನ್ನು ಉಳಿಸಿದವರು ತಾತ. "ಕಾಯಿಲೆ ಏನು ಅಂತ ತಿಳಿಯೋ ಮುಂಚೆ ಮದ್ದು ಕೊಟ್ರಿ. ಈಗ್ಲಾದ್ರೂ ನಾಡಿ ಹಿಡೀರಿ" ಅಂದರು.

ನಾಲ್ಕು ಬಕೆಟ್

ನಾಡಿ ಹಿಡಿದದ್ದು ಮಕ್ಕಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶಾಲೆಯ ಮಾಡಿನಿಂದ ಮಳೆ ನೀರು ಹಿಡಿದೆವು. ಬೋರ್‌ವೆಲ್ ನೀರು ಬೇಡ ಅಂದೆ, ನಮ್ಮ ಕಡೆ ಅದರಲ್ಲೇ ನೈಟ್ರೇಟ್ ಇರುತ್ತದೆ. ನಾಲ್ಕು ಬಿಳಿ ಬಕೆಟ್‌ಗೆ ಸಮನಾಗಿ ಮಳೆ ನೀರು ಹಾಕಿ, ಪ್ರತಿಯೊಂದಕ್ಕೂ ಬೀಜದ ಹಾಗೆ ಒಂದು ಲೋಟ ಕೆರೆ ನೀರು ಸುರಿದೆವು. ಮೊದಲನೆಯದಕ್ಕೆ ಬೇರೇನೂ ಇಲ್ಲ. ಎರಡನೆಯದಕ್ಕೆ ಚಿಟಿಕೆ ಯೂರಿಯಾ, ಅದರಲ್ಲಿ ಇರುವ ಸಾರ ಸಾರಜನಕ ಮಾತ್ರ. ಮೂರನೆಯದಕ್ಕೆ ಚಿಟಿಕೆ ಡಿಎಪಿ, ಅದರಲ್ಲಿ ಸಾರಜನಕದ ಜೊತೆ ರಂಜಕವೂ ಇದೆ. ನಾಲ್ಕನೆಯದಕ್ಕೆ ಗೊಬ್ಬರ ಇಲ್ಲ, ಕೆರೆ ತಳದ ಕಪ್ಪು ಗೋಡು ಎರಡು ಹಿಡಿ.

ಈ ಯೋಚನೆ ಹೊಸದಲ್ಲ. 1973ರಲ್ಲಿ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಯವರು 226 ಅಂತ ಕರೆಯುವ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು, ಇನ್ನರ್ಧ ಹಾಗೇ ಇತ್ತು. ವಿಮಾನದಿಂದ ತೆಗೆದ ಆ ಫೋಟೊವನ್ನು ಮಕ್ಕಳಿಗೆ ತೋರಿಸಿದ್ದೆ.

ನಮ್ಮ ಬಕೆಟ್‌ಗಳಲ್ಲಿ ಡಿಎಪಿ ಹಾಕಿದ್ದು ಎರಡನೆಯ ವಾರದಲ್ಲಿ ಹಸಿರಾಯಿತು. ಯೂರಿಯಾ ಹಾಕಿದ್ದು ತುಸು ಬಣ್ಣ ತಿರುಗಿತು, ಅಷ್ಟೇ. ಇದನ್ನು ನಾನು ನಿರೀಕ್ಷಿಸಿದ್ದೆ. ನಾಲ್ಕನೆಯದು ಮೊದಲ ವಾರ ತಿಳಿಯಾಗಿಯೇ ಇತ್ತು. ಆಮೇಲೆ ಗೋಡಿನಿಂದ ಗುಳ್ಳೆ ಏಳತೊಡಗಿತು, ಕೊಳೆತ ಮೊಟ್ಟೆಯ ವಾಸನೆ ಬಂತು. ಒಂದು ಸೋಮವಾರ ಬೆಳಿಗ್ಗೆ ಎಂಟನೇ ತರಗತಿಯ ಹುಡುಗಿ ಓಡಿ ಬಂದು, "ಸಾರ್, ಏನೂ ಹಾಕದೇ ಇರೋದೂ ಹಸಿರಾಗಿದೆ" ಅಂದಳು. ಅವಳು ಹೇಳಿದ್ದು ನಾಲ್ಕನೆಯ ಬಕೆಟ್. ಅವಳ ಲೆಕ್ಕದಲ್ಲಿ ಗೋಡು ಅಂದರೆ ಏನೂ ಅಲ್ಲ. ನಮ್ಮೆಲ್ಲರ ಲೆಕ್ಕದಲ್ಲೂ ಅಲ್ಲಿಯವರೆಗೆ ಹಾಗೇ ಇತ್ತು.

ಈ ಇಡೀ ಪ್ರಕರಣ ತಿರುಗಿದ್ದು ಆ ಬಕೆಟ್ಟಿನ ಮುಂದೆ. ನಮ್ಮದು ಕೆಂಪು ಮಣ್ಣಿನ ಸೀಮೆ. ಕೆಂಪು ಬಣ್ಣ ಕೊಡುವುದು ಕಬ್ಬಿಣ. ತಳದಲ್ಲಿ ಆಮ್ಲಜನಕ ಇರುವ ತನಕ ಆ ಕಬ್ಬಿಣ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಆಮ್ಲಜನಕ ತೀರಿದರೆ ಕಬ್ಬಿಣದ ರೂಪ ಬದಲಾಗುತ್ತದೆ, ಹಿಡಿತ ಬಿಡುತ್ತದೆ. ಎಷ್ಟೋ ವರ್ಷದಿಂದ ಕೂಡಿಟ್ಟ ರಂಜಕ ಮತ್ತೆ ನೀರಿಗೆ ಬರುತ್ತದೆ. ಅಂದರೆ ನಾಳೆಯೇ ಚರಂಡಿ ನಿಂತರೂ ಕೆರೆ ತನ್ನ ತಳದ ಗಂಟಿನಿಂದಲೇ ವರ್ಷಗಟ್ಟಲೆ ಹಸಿರಾಗಿರಬಲ್ಲದು.

ಅದೇ ವಾರ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದೆವು. ಒಬ್ಬ ಮನುಷ್ಯನಿಂದ ವರ್ಷಕ್ಕೆ ಸುಮಾರು ಅರ್ಧ ಕಿಲೋ ರಂಜಕ ಹೊರಗೆ ಹೋಗುತ್ತದೆ. ಆ ಎರಡು ಬಡಾವಣೆಗಳಲ್ಲಿ ಹೆಚ್ಚುಕಡಿಮೆ 2000 ಜನ. ಅಂದರೆ ವರ್ಷಕ್ಕೆ 1000 ಕಿಲೋ. 50 ಕಿಲೋದ ಒಂದು ಡಿಎಪಿ ಮೂಟೆಯಲ್ಲಿ ಇರುವ ರಂಜಕ ಸುಮಾರು 10 ಕಿಲೋ. ಎಲ್ಲವೂ ಕೆರೆಗೆ ಬಂದರೆ ಪ್ರತಿ ವರ್ಷ 100 ಮೂಟೆ ಡಿಎಪಿ ಸುರಿದ ಹಾಗೆ. ಒಂದು ಕಿಲೋ ರಂಜಕದಿಂದ 500 ಕಿಲೋದಷ್ಟು ಹಸಿ ಪಾಚಿ ಬೆಳೆಯಬಲ್ಲದು ಅನ್ನುತ್ತಾರೆ. ಈ ಲೆಕ್ಕವನ್ನು ಸಮಿತಿ ಸಭೆಯಲ್ಲಿ ಹೇಳಿದಾಗ ಯಾರೂ ಮಾತಾಡಲಿಲ್ಲ. ಗೊಬ್ಬರದ ಮೂಟೆಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಚರಂಡಿ ತಿರುಗಿಸುವ ಮಾತು

ಎಲ್ಲರಿಗೂ ಮೊದಲು ಹೊಳೆದ ಉಪಾಯ, ಪಕ್ಕದಲ್ಲಿ ಒಂದು ಕಾಲುವೆ ತೆಗೆದು ಚರಂಡಿ ನೀರನ್ನು ಕೆರೆ ತಪ್ಪಿಸಿ ಕೋಡಿ ಆಚೆ ಬಿಡುವುದು. ಖರ್ಚೂ ಕಡಿಮೆ. ಆದರೆ ಕೋಡಿ ಆಚೆ ಅಂದರೆ ಕೆಳಗಿನ ಊರಿನ ಕೆರೆ. ಆ ಊರಿನ ಯಜಮಾನರು ಸಭೆಗೆ ಬಂದು ಕೂತರು. "ನಿಮ್ಮ ಮನೆ ಕಸ ನಮ್ಮ ಬಾಗಿಲಿಗೆ ತಳ್ಳಿದ್ರೆ ನಿಮ್ಮ ಮನೆ ಶುದ್ಧ ಆಗುತ್ತೆ, ಸರಿ. ನಾವೇನು ಮಾಡ್ಬೇಕು ಹೇಳಿ" ಅಂದರು. ಬೈಯಲಿಲ್ಲ, ಜೋರು ಮಾಡಲಿಲ್ಲ. ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧ ಇದೆ. ಆ ಉಪಾಯ ಅಲ್ಲಿಗೇ ಬಿತ್ತು. ಅದು ಬಿದ್ದದ್ದು ನಮ್ಮ ಭಾಗ್ಯ ಅಂತ ಈಗ ಅನ್ನಿಸುತ್ತದೆ.

ಬದಲಿಗೆ ಕೆರೆ ಅಂಗಳದ ಮೇಲ್ತುದಿಯಲ್ಲಿ, ರಾಜಕಾಲುವೆ ಬಂದು ಸೇರುವ ಕಡೆ, ಮೊದಲು ಒಂದು ಹೊಂಡ, ಅದರ ಮುಂದೆ ಜೊಂಡು ಮತ್ತು ಕಾಬಾಳೆ ನೆಟ್ಟ ಅಗಲವಾದ ಮಡಿ ಮಾಡುವುದು ಅಂತ ತೀರ್ಮಾನವಾಯಿತು. ಹೊಂಡದಲ್ಲಿ ಗಸಿ ಕೂರುತ್ತದೆ. ಗಿಡಗಳ ನಡುವೆ ನೀರು ನಿಧಾನವಾಗಿ ಹರಿಯುವಾಗ ಸ್ವಲ್ಪ ಸಾರವನ್ನು ಅವು ಹೀರುತ್ತವೆ, ಬೇರಿನ ಸುತ್ತ ಇರುವ ಸೂಕ್ಷ್ಮಜೀವಿಗಳು ಸಾರಜನಕದ ಒಂದು ಭಾಗವನ್ನು ಗಾಳಿಗೆ ಬಿಡುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬರುವ ನೀರು ಇಂಥ ಜೊಂಡಿನ ನಡುವೆ ಹರಿದ ಮೇಲೆಯೇ ಕೆರೆಗೆ ಸೇರುತ್ತದೆ. ಹೋಗಿ ನೋಡಿಕೊಂಡು ಬಂದೆವು. ನಮಗೆ ಘಟಕ ಕಟ್ಟುವ ಶಕ್ತಿ ಇರಲಿಲ್ಲ, ಹೊಂಡ ಅಗೆಯುವ ಕೈಗಳಿದ್ದವು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ವಾಪಸ್ ಬಂದ ಹುಡುಗರೂ ಸೇರಿ ನರೇಗಾ ಕೆಲಸದಲ್ಲಿ ಅಗೆದರು.

ಜೊಂಡನ್ನು ನೆಟ್ಟರೆ ಸಾಲದು, ವರ್ಷಕ್ಕೆ ಎರಡು ಸಲ ಕೊಯ್ದು ಕೆರೆಯಿಂದ ದೂರ ಸಾಗಿಸಬೇಕು. ಇಲ್ಲದಿದ್ದರೆ ಅದು ಅಲ್ಲೇ ಬಿದ್ದು ಕೊಳೆತು, ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ. ಏರಿ ಮೇಲೆ ರಾಶಿ ಹಾಕಿದ ಅಂತರಗಂಗೆ ನಮಗೆ ಇದನ್ನು ಕಲಿಸಿತ್ತು. ಕೊಯ್ದದ್ದನ್ನು ತಿಪ್ಪೆಗೆ ಹಾಕಲು ಹಾಲಿನ ಸಂಘದ ಹೆಂಗಸರು ಒಪ್ಪಿಕೊಂಡರು. ಕೊಟ್ಟಿಗೆ ನೀರನ್ನು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ತಿರುಗಿಸಿದವರೂ ಅವರೇ. ಅದಕ್ಕೆ ಒಂದು ಸಭೆಯೂ ಬೇಕಾಗಲಿಲ್ಲ.

ನೂಲು ಬಿಚ್ಚಾಣಿಕೆಯವರ ಜೊತೆ ಮಾತು ಸುಲಭವಿರಲಿಲ್ಲ. ಗೂಡಿನ ಎಳೆಗೆ ಸೆರಿಸಿನ್ ಅನ್ನುವ ಅಂಟು ಇರುತ್ತದೆ, ಅದೊಂದು ಪ್ರೋಟೀನ್. ಗೂಡು ಬೇಯಿಸಿದ ನೀರಿಗೆ ಅದು ಬಿಡುತ್ತದೆ, ಅದರ ಜೊತೆ ಸಾರಜನಕವೂ ಬರುತ್ತದೆ. ಬೇಯಿಸುವುದನ್ನು ನಿಲ್ಲಿಸಿ ಅಂತ ಯಾರೂ ಹೇಳುವ ಹಾಗಿಲ್ಲ, ಅದು ಹತ್ತಾರು ಮನೆಗಳ ಅನ್ನ. ಇಬ್ಬರು ಆ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಹಿಪ್ಪುನೇರಳೆಗೆ ಬಿಡಲು ಒಪ್ಪಿದರು. ಒಬ್ಬರಿಗೆ ಜಾಗವೇ ಇಲ್ಲ. ಅವರ ನೀರು ಈಗಲೂ ಕಾಲುವೆಗೇ ಬರುತ್ತದೆ.

ಗೊಬ್ಬರದ ವಿಷಯವೂ ಹಾಗೇ. ಮಣ್ಣು ಪರೀಕ್ಷೆ ಮಾಡಿಸಿದಾಗ ಕೆಲವು ತೋಟಗಳಲ್ಲಿ ರಂಜಕ ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಆದರೂ ಡಿಎಪಿ ಬಿಡಲು ಮನಸ್ಸು ಬರುವುದಿಲ್ಲ. ಟೊಮೆಟೊಗೆ ಲಕ್ಷಗಟ್ಟಲೆ ಸುರಿದವರಿಗೆ ಒಂದು ಮೂಟೆ ಉಳಿಸುವುದಕ್ಕಿಂತ ಬೆಳೆಯ ಭಯ ದೊಡ್ಡದು. ಅವರನ್ನು ನಾನು ದೂರುವುದಿಲ್ಲ.

ಕೋಡಿ ಬಿದ್ದ ವರ್ಷ, ಒಣಗಿದ ವರ್ಷ

ಜೊಂಡಿನ ಮಡಿ ಕೆಲಸ ಶುರು ಮಾಡಿದ ಮೇಲೆ ಬಂದ ಮೊದಲ ಬೇಸಿಗೆ, 2021. ಕೆರೆ ಹಿಂದಿನಷ್ಟೇ ಹಸಿರು. ಒಂದು ವಾರ ಹಿಂದಿಗಿಂತಲೂ ಜಾಸ್ತಿ. "ಇಷ್ಟೆಲ್ಲ ಮಾಡಿ ಏನು ಬಂತು?" ಅಂತ ಜನ ಕೇಳಿದರು. ನಾಲ್ಕನೆಯ ಬಕೆಟ್ಟನ್ನು ನೋಡಿದ್ದರಿಂದ ನಾನು ಧೈರ್ಯವಾಗಿ ಉತ್ತರ ಕೊಟ್ಟೆ: ಒಳಗೆ ಬರುವುದು ಕಡಿಮೆಯಾಗಿದೆ, ತಳದಲ್ಲಿ ಇರುವುದು ಇನ್ನೂ ಖಾಲಿಯಾಗಿಲ್ಲ. ಈ ಬೇಸಿಗೆಯಲ್ಲೇ ಅನೇಕ ಊರುಗಳು ಕೈಬಿಡುತ್ತವೆ ಅಂತ ನನ್ನ ಅಂದಾಜು. ನಾವೂ ಕೈಬಿಡುವವರಿದ್ದೆವು.

2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ತುಂಬಿ ಹರಿದವು. ನಮ್ಮ ಕೆರೆಯೂ ಕೋಡಿ ಬಿತ್ತು. ಊರೆಲ್ಲ ಬಾಗಿನ ಬಿಡಲು ಬಂತು. ಹಸಿರು ನೀರು ಕೊಚ್ಚಿಕೊಂಡು ಹೋಯಿತು. ಜನವರಿಯವರೆಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ, ಎಲ್ಲ ಮುಗಿಯಿತು, ಗೆದ್ದೆವು ಅಂದುಕೊಂಡರು. ಏಪ್ರಿಲ್‌ಗೆ ಮತ್ತೆ ಹಸಿರು. ನೀರು ಹೊಸದು, ತಳ ಹಳೆಯದೇ ಅಲ್ಲವೇ?

ಆಗ ಒಂದು ಅಳತೆ ಬೇಕು ಅನ್ನಿಸಿತು. ಕಣ್ಣಿನ ಅಂದಾಜನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಸ್ಟೀಲ್ ತಟ್ಟೆಯೊಂದಕ್ಕೆ ಬಿಳಿ ಬಣ್ಣ ಬಳಿದು, ನಡುವೆ ತೂತು ಮಾಡಿ, ಕಲ್ಲು ಕಟ್ಟಿ, ಹಗ್ಗದಲ್ಲಿ ಇಳಿಬಿಡುವುದು. ತಟ್ಟೆ ಕಣ್ಣಿಗೆ ಮರೆಯಾಗುವ ಜಾಗದಲ್ಲಿ ಹಗ್ಗ ಹಿಡಿದು ಅಳೆಯುವುದು. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಬಳಸಿದ ವಿಧಾನ ಇದೇ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತೂಬಿನ ಕಲ್ಲಿನ ಮೇಲಿಂದ ಇಬ್ಬರು ಮಕ್ಕಳು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. 2022ರ ಬೇಸಿಗೆಯ ಪುಟಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ: ಒಂದು ಗೇಣು, ಅರ್ಧ ಗೇಣು, ಒಂದು ಗೇಣು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಯಿತು. 2024ರ ಮಾರ್ಚ್ ಹೊತ್ತಿಗೆ ಕೆರೆ ತಳ ಬಿರುಕು ಬಿಟ್ಟಿತು. ಊರಿಗೆ ಅದು ಕಷ್ಟದ ವರ್ಷ. ಆದರೆ ತಾತ ಏರಿ ಮೇಲೆ ನಿಂತು, "ಗಾಡಿ ಇಳಿಸೋ ಕಾಲ ಬಂತು" ಅಂದರು.

ಕೂಡಲೇ ಇಳಿಯಲಿಲ್ಲ. ಮೈಲುತುತ್ತ ಹಾಕಿದ ನೆನಪು ನನ್ನನ್ನು ಬಿಟ್ಟಿರಲಿಲ್ಲ. ಪೇಟೆಯ ಚರಂಡಿಯಲ್ಲಿ ಬೇರೇನು ಬಂದಿದೆಯೋ ಅಂತಲೂ ಭಯ. ಆರು ಕಡೆಯ ಗೋಡು ತೆಗೆದು ಪರೀಕ್ಷೆಗೆ ಕೊಟ್ಟು, ಹೊಲಕ್ಕೆ ಹಾಕಬಹುದು ಅಂತ ತಿಳಿದ ಮೇಲೆಯೇ ಶುರು ಮಾಡಿದೆವು. ಕಾಲುವೆಯ ಬಾಯಿಯ ಹತ್ತಿರದ ಗೋಡನ್ನು ಮಾತ್ರ ತರಕಾರಿಗೆ ಬೇಡ ಅಂತ ಬೇರೆ ಇಟ್ಟು, ಏರಿಯ ಹೊರಮೈಗೆ ಹಾಕಿದೆವು. ಇಟ್ಟಿಗೆ ಗೂಡಿನವರು ಮಣ್ಣಿಗೆ ಒಳ್ಳೆಯ ಬೆಲೆ ಹೇಳಿದರು, ಸಮಿತಿ ಒಪ್ಪಲಿಲ್ಲ. ಅವರಿಗೆ ಬೇಕಾದ್ದು ಕೆಳಗಿನ ಗಟ್ಟಿ ಮಣ್ಣು, ಕೆರೆಗೆ ಬೇಡವಾದ್ದು ಮೇಲಿನ ಕಪ್ಪು ಗೋಡು.

ಎಷ್ಟು ಆಳ ತೆಗೆಯಬೇಕು ಅನ್ನುವುದಕ್ಕೆ ಅಳತೆಪಟ್ಟಿ ಬೇಕಾಗಲಿಲ್ಲ. ಗುದ್ದಲಿಯಿಂದ ನೆಟ್ಟಗೆ ಕಡಿದರೆ ಮೇಲೆ ಮಸಿಯಂಥ ಕಪ್ಪು, ಬೆರಳಿಗೆ ಬೆಣ್ಣೆಯ ಹಾಗೆ ಅಂಟುವುದು. ಅದರ ಕೆಳಗೆ ಗೆರೆ ಎಳೆದ ಹಾಗೆ ಕೆಂಪು. ಆ ಗೆರೆಯವರೆಗೆ ತೆಗೆಯಿರಿ, ಕೆಂಪನ್ನು ಮುಟ್ಟಬೇಡಿ ಅಂದೆವು. ಟ್ರ್ಯಾಕ್ಟರುಗಳು ಎರಡು ತಿಂಗಳು ಓಡಾಡಿದವು. ಕೆರೆಯ ಅರ್ಧಕ್ಕಿಂತ ತುಸು ಜಾಸ್ತಿ ಭಾಗ ಮುಗಿಯಿತು. ಅಷ್ಟರಲ್ಲಿ ಮಳೆ ಬಂತು.

ಆಮೇಲೆ

ಹೊಸ ನೀರು ಬಂದ ಮೇಲೆ ಮೀನು ಬಿಡುವ ಮಾತು ಬಂತು. ಗೆಂಡೆ ಮೀನು ಬೇಡ ಅಂತ ಗುತ್ತಿಗೆದಾರರನ್ನು ಕೇಳಿಕೊಂಡೆವು. ಅದು ತಳದ ಕೆಸರನ್ನು ಮೂತಿಯಿಂದ ಕೆದಕಿ ತಿನ್ನುತ್ತದೆ, ರಂಜಕವನ್ನು ಮೇಲೆಬ್ಬಿಸುತ್ತದೆ. ಕಾಟ್ಲಾ, ರೋಹು ಸಾಕು ಅಂದೆವು. 2019ರ ಆ ಬೆಳಗನ್ನು ಅವರೂ ಮರೆತಿರಲಿಲ್ಲ. ಒಪ್ಪಿದರು.

2024ರ ಕೊನೆಗೆ ನೀರಿನೊಳಗೆ ದಾರದಂಥ ಗಿಡ ಕಾಣಿಸಿಕೊಂಡಿತು. ಕಳೆ ಮತ್ತೆ ಬಂತು ಅಂತ ಸಮಿತಿಯ ಯುವಕರು ಕೀಳಲು ಹೊರಟರು. ತಾತ ಕೋಲು ಹಿಡಿದು ಅಡ್ಡ ನಿಂತರು. ಅವರು ಹುಡುಗರಾಗಿದ್ದಾಗ ಕಂಡಿದ್ದ ಗಿಡ ಅದೇ. ಬಲೆಗೆ ಸಿಕ್ಕಿಕೊಳ್ಳುತ್ತದೆ ಅಂತ ಮೀನಿನವರು ಈಗಲೂ ಗೊಣಗುತ್ತಾರೆ. ಅವರು ಬಲೆ ಎಳೆಯುವ ದಾರಿಯಷ್ಟು ಜಾಗದಲ್ಲಿ ಮಾತ್ರ ಕಿತ್ತು, ಉಳಿದದ್ದನ್ನು ಹಾಗೇ ಬಿಡುವುದು ಅಂತ ಮಾತಾಯಿತು. ಗಿಡ ಯಾಕೆ ಬೇಕು ಅನ್ನುವುದನ್ನು ನಾನು ಎಷ್ಟು ಸಲ ಹೇಳಿದರೂ ಕೇಳದಿದ್ದವರು ಅದನ್ನು ಒಪ್ಪಿದ್ದು ಗುಳುಮುಳುಕ ಜೋಡಿಯೊಂದು ಆ ಗಿಡಗಳ ನಡುವೆ ಗೂಡು ಕಟ್ಟಿದ ಮೇಲೆ.

ಮತ್ತೊಮ್ಮೆ ಈ ಕೆಲಸ ಮಾಡಬೇಕಾದರೆ ನಾನು ಕ್ರಮವನ್ನೇ ಬದಲಿಸುತ್ತೇನೆ. ಮೊದಲ ವಾರವೇ ತಟ್ಟೆ ಮತ್ತು ಬಕೆಟ್. ಆಮೇಲೆ ಮೇಲ್ಗಡೆಯಿಂದ ಬರುವ ನೀರಿನ ಕೆಲಸ. ಅದು ಒಂದು ಹಂತಕ್ಕೆ ಬಂದ ಮೇಲೆ ಗೋಡು. ಬರುವುದನ್ನು ತಡೆಯದೆ ಗೋಡು ಎತ್ತಿದರೆ ಕೆಲವೇ ವರ್ಷದಲ್ಲಿ ತಳ ಮತ್ತೆ ಕಪ್ಪಾಗುತ್ತದೆ. ಗೋಡು ಎತ್ತದೆ ಬರುವುದನ್ನು ಮಾತ್ರ ತಡೆದರೆ, 2021ರಲ್ಲಿ ನಾವು ಕಂಡ ಹಾಗೆ, ಏನೂ ಆಗಿಲ್ಲ ಅಂತ ಜನ ಸುಮ್ನೆ ಬೇಸತ್ತು ಬಿಡುತ್ತಾರೆ. ಬೆಂಗಳೂರಿನ ಸಂಸ್ಕರಿಸಿದ ನೀರು ಬರುವ ಕೆರೆಗಳ ಊರಿನವರಿಗೂ ಒಂದು ಮಾತು. ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ವಸ್ತು ಬಹುಪಾಲು ಹೋಗುತ್ತದೆ, ಸಾರಜನಕ ಮತ್ತು ರಂಜಕ ಅಷ್ಟು ಹೋಗುವುದಿಲ್ಲ. ಕೆರೆ ತುಂಬಿದ ಸಂತೋಷದ ಜೊತೆಗೇ ಒಂದು ಬಿಳಿ ತಟ್ಟೆ ಇಟ್ಟುಕೊಳ್ಳಿ. ತಿಳಿ ನೀರು ಮಂಕಾಗುವುದು ಮೊದಲು ಗೊತ್ತಾಗುವುದು ಅದಕ್ಕೇ.

ನಮ್ಮ ಕೆರೆಯ ಕೆಲಸ ಮುಗಿದಿಲ್ಲ. ಗೋಡು ಎತ್ತದ ಅರ್ಧ ಹಾಗೇ ಇದೆ. ಕಾಲುವೆ ಬಾಯಿಯ ಮೂಲೆಯಲ್ಲಿ ಬೇಸಿಗೆಯಲ್ಲಿ ಈಗಲೂ ಹಸಿರು ಕೆನೆ ಕಟ್ಟುತ್ತದೆ. ಕಳೆದ ವರ್ಷ ಒಂದು ಸಲ ಜೊಂಡು ಕೊಯ್ಯುವುದನ್ನು ತಪ್ಪಿಸಿದೆವು, ಎರಡೇ ತಿಂಗಳಲ್ಲಿ ಮಡಿ ಗಬ್ಬು ನಾರಿತು. ಪೇಟೆಯಲ್ಲಿ ಮೂರನೆಯ ಬಡಾವಣೆಗೆ ಕಲ್ಲು ನೆಟ್ಟಿದ್ದಾರೆ. ಅದರ ಚರಂಡಿ ಎಲ್ಲಿಗೆ ಅಂತ ಕೇಳಲು ಈ ಸಲ ಎರಡೂ ಊರಿನವರು ಒಟ್ಟಿಗೆ ಹೋಗಿ ಬಂದಿದ್ದೇವೆ. ಕೆಳಗಿನ ಊರಿನ ಯಜಮಾನರೂ ಜೊತೆಗಿದ್ದರು.

ನೋಟ್‌ಬುಕ್ಕಿನ ಕೊನೆಯ ಸಾಲು ಹೋದ ಭಾನುವಾರದ್ದು. ತಟ್ಟೆ ಮರೆಯಾದದ್ದು ಒಂದು ಮೊಳ, ನಾಲ್ಕು ಬೆರಳಿಗೆ. ಅದರ ಪಕ್ಕದಲ್ಲಿ ಯಾವುದೋ ಮಗು ಪೆನ್ಸಿಲ್‌ನಲ್ಲಿ ಬರೆದಿದೆ: "ಇವತ್ತು ಮಿಂಚುಳ್ಳಿ ಒಂದು."